ಸಾಗಿಸುವ ಪೆಟ್ಟಿಗೆ ಬೇರೆ, ಇಡುವ ಪೆಟ್ಟಿಗೆ ಬೇರೆ: ಸೂಕ್ಷ್ಮದರ್ಶಕ ಜೋಪಾನ ಮಾಡುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಮುಗಿದು ಪ್ರಯೋಗಾಲಯದ ಬೀರು ತೆರೆದರೆ ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ (ಸ್ಲೈಡಿನ ಕಡೆಯ ಮಸೂರ) ಒಳಗೆ ಜೇಡರ ಬಲೆಯಂಥ ಎಳೆಗಳು. ರಕ್ತಪರೀಕ್ಷೆ ಶಿಬಿರದಿಂದ ವಾಪಸ್ ಬಂದ ಮೈಕ್ರೋಸ್ಕೋಪಿನಲ್ಲಿ ಎರಡು ಕಣ್ಣಿನ ಚಿತ್ರ ಒಂದಾಗುವುದೇ ಇಲ್ಲ. ಶಾಲೆ, ಕಾಲೇಜು, ಸಣ್ಣ ಲ್ಯಾಬುಗಳಿಂದ ಮತ್ತೆ ಮತ್ತೆ ಬರುವ ದೂರುಗಳು ಇವೆರಡು. ಮೂಲ ಹೆಚ್ಚಿನ ಸಲ ಒಂದೇ: ಒಂದು ಪೆಟ್ಟಿಗೆಯನ್ನು ಎರಡೂ ಕೆಲಸಕ್ಕೆ ಬಳಸಿರುತ್ತಾರೆ.

ಸಾಗಿಸುವ ಪೆಟ್ಟಿಗೆ ಪೆಟ್ಟು ತಡೆಯಬೇಕು. ಅದಕ್ಕೆ ಫೋಮ್ ಬೇಕು. ಇಡುವ ಪೆಟ್ಟಿಗೆ ತೇವ ತಡೆಯಬೇಕು. ಅದರಲ್ಲಿ ಫೋಮ್ ಇರಲೇಬಾರದು. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಿ. ಕ್ರಮ ತಪ್ಪಿಸಬೇಡಿ. ಎಷ್ಟೋ ಹಾನಿ ಆಗುವುದು ಸರಿಯಾದ ಕೆಲಸವನ್ನು ತಪ್ಪು ಸರದಿಯಲ್ಲಿ ಮಾಡಿದ್ದರಿಂದ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ರಬ್ಬರ್ ಬುಗ್ಗೆಯ ಬ್ಲೋವರ್, ಲೆನ್ಸ್ ಪೇಪರ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್, ಸಣ್ಣ ಅಲೆನ್ ಕೀಗಳ ಸೆಟ್, ಆಬ್ಜೆಕ್ಟಿವ್ ಇಡುವ ಪ್ಲಾಸ್ಟಿಕ್ ಡಬ್ಬಿಗಳು, ನೋಸ್‌ಪೀಸ್ (ಆಬ್ಜೆಕ್ಟಿವ್ ಕೂರಿಸುವ ತಿರುಗುವ ಭಾಗ) ರಂಧ್ರಗಳಿಗೂ ಐಪೀಸ್ (ಕಣ್ಣಿಡುವ ಮಸೂರ) ಕೊಳವೆಗೂ ಮುಚ್ಚಳಗಳು.

ತೇವ ನಿಯಂತ್ರಣಕ್ಕೆ ಅರ್ಧ ಕಿಲೊ ಸಿಲಿಕಾ ಜೆಲ್, ಅಂಗೈಯಷ್ಟಿರುವ ಡಿಜಿಟಲ್ ತೇವಮಾಪಕ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ. ಸಾಗಣೆಗೆ ಗಟ್ಟಿ ಹೊರಪೆಟ್ಟಿಗೆ, 25 ಮಿ.ಮೀ. ದಪ್ಪದ ಇಪಿಇ (ಪಾಲಿಎಥಿಲೀನ್) ಫೋಮ್ ಹಾಳೆಗಳು, ಉದ್ದ ಅಲಗಿನ ಕಟ್ಟರ್.

ತೇವಮಾಪಕವನ್ನು ಕೊಂಡ ದಿನವೇ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಒದ್ದೆಯಾಗುವಂತೆ ಕೆಲವು ಹನಿ ನೀರು ಬೆರೆಸಿ, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಶೇ 75ರ ಹತ್ತಿರ ತೋರಿಸಬೇಕು. ಶೇ 68 ತೋರಿಸಿದರೆ ಮುಂದೆ ಓದುವಾಗಲೆಲ್ಲ 7 ಕೂಡಿಸಿಕೊಳ್ಳಿ.

## ಹಂತ 1: ಬಿಚ್ಚುವ ಮೊದಲು ಸರಿಯಾದ ಸ್ಥಿತಿಗೆ ತನ್ನಿ

1. ದೀಪ ಆರಿಸಿ, ವೈರನ್ನು ಪ್ಲಗ್ಗಿನಿಂದ ತೆಗೆಯಿರಿ. ಹ್ಯಾಲೊಜೆನ್ ಬಲ್ಬಾದರೆ 20 ನಿಮಿಷ ಆರಲು ಬಿಡಿ. ಬಿಸಿ ಬಲ್ಬಿನ ತಂತಿ ಮೆತ್ತಗಿರುತ್ತದೆ, ಸಣ್ಣ ಕುಲುಕಿಗೂ ತುಂಡಾಗುತ್ತದೆ.

2. ಕೋರ್ಸ್ ತಿರುಪಿನಿಂದ (ಫೋಕಸ್‌ನ ದೊಡ್ಡ ತಿರುಪು) ಸ್ಟೇಜನ್ನು (ಸ್ಲೈಡ್ ಇಡುವ ತಟ್ಟೆ) ಕೆಳಗಿಳಿಸಿ. ಸ್ಲೈಡ್ ತೆಗೆಯುವ ಮುನ್ನವೇ ಇದಾಗಬೇಕು. 100ಎಕ್ಸ್ ಆಬ್ಜೆಕ್ಟಿವ್ ತುದಿಗೂ ಸ್ಲೈಡಿಗೂ ನಡುವೆ ಇರುವ ಜಾಗ ಸುಮಾರು 0.13 ಮಿ.ಮೀ., ಅಂದರೆ ಒಂದು ಕವರ್‌ಸ್ಲಿಪ್ಪಿನ ದಪ್ಪಕ್ಕಿಂತಲೂ ಕಡಿಮೆ. ಸ್ಟೇಜ್ ಮೇಲಿದ್ದಾಗಲೇ ಸ್ಲೈಡ್ ಎಳೆದರೆ ಅಥವಾ ನೋಸ್‌ಪೀಸ್ ತಿರುಗಿಸಿದರೆ ಮುಂದಿನ ಮಸೂರಕ್ಕೆ ಗೀರು ಬೀಳುತ್ತದೆ. ಅದಕ್ಕೆ ರಿಪೇರಿ ಇಲ್ಲ.

3. ಈಗ ಸ್ಲೈಡ್ ತೆಗೆದು, 4ಎಕ್ಸ್ ಆಬ್ಜೆಕ್ಟಿವನ್ನು ನಡುವಿಗೆ ತನ್ನಿ.

4. ಮೆಕ್ಯಾನಿಕಲ್ ಸ್ಟೇಜನ್ನು ಮಧ್ಯಕ್ಕೆ ಸರಿಸಿ. ಒಂದು ಬದಿಗೆ ಹೊರಚಾಚಿದ ಸ್ಟೇಜ್ ಪಟ್ಟಿಯೇ ಪೆಟ್ಟಿಗೆ ಬಾಗಿಲಿಗೆ ಬಡಿದು ಮೊದಲು ಬಾಗುವ ಭಾಗ.

5. ಕೋರ್ಸ್ ತಿರುಪನ್ನು ಕೆಳತುದಿಗೆ ಒತ್ತಿ ಬಿಡಬೇಡಿ. ತುದಿ ಮುಟ್ಟಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತನ್ನಿ. ಬಿಗಿ ಹೊಂದಿಸುವ ಉಂಗುರ ಇದ್ದರೆ ಸ್ಟೇಜ್ ತಾನಾಗಿ ಇಳಿಯದಷ್ಟು ಮಾತ್ರ ಬಿಗಿ ಮಾಡಿ.

## ಹಂತ 2: ಎಣ್ಣೆ, ಧೂಳು ತೆಗೆಯಿರಿ

100ಎಕ್ಸ್‌ನಲ್ಲಿ ನೋಡುವಾಗ ಸ್ಲೈಡಿಗೆ ಹಾಕುವ ಎಣ್ಣೆ ಅಂಟಿದ ಆಬ್ಜೆಕ್ಟಿವನ್ನು ಪೆಟ್ಟಿಗೆಗೆ ಹಾಕುವುದು ದೊಡ್ಡ ತಪ್ಪು. ಸೀಡರ್‌ವುಡ್ ಎಣ್ಣೆ ದಿನ ಕಳೆದಂತೆ ಗಟ್ಟಿಯಾಗಿ ಮೆರುಗೆಣ್ಣೆಯಂತೆ ಕೂರುತ್ತದೆ. ಸಿಂಥೆಟಿಕ್ ಎಣ್ಣೆ ಗಟ್ಟಿಯಾಗದಿದ್ದರೂ ಧೂಳು ಹಿಡಿಯುತ್ತದೆ.

ಕ್ರಮ ಹೀಗಿರಲಿ: ಮೊದಲು ಬ್ಲೋವರಿನಿಂದ ಗಾಳಿ, ಆಮೇಲೆ ಒಣ ಲೆನ್ಸ್ ಪೇಪರಿನಿಂದ ಎಣ್ಣೆ ಹೀರಿಸುವುದು (ಉಜ್ಜುವುದಲ್ಲ, ಒತ್ತಿ ಎತ್ತುವುದು), ಕೊನೆಗೆ ಆಲ್ಕೊಹಾಲ್ ತಾಗಿಸಿದ ಹೊಸ ಪೇಪರಿನಿಂದ ನಡುವಿನಿಂದ ಹೊರಕ್ಕೆ ಒಂದೇ ಸುತ್ತು. ದ್ರವವನ್ನು ಪೇಪರಿಗೆ ಹಾಕಿ, ಮಸೂರದ ಮೇಲೆ ಸುರಿಯಬೇಡಿ; ಸುರಿದದ್ದು ಅಂಚಿನಿಂದ ಒಳಗಿಳಿದು ಮಸೂರ ಅಂಟಿಸಿದ ಅಂಟನ್ನು ತಿನ್ನುತ್ತದೆ. ಕರ್ಚೀಫು, ಹತ್ತಿ ಬಟ್ಟೆ, ಟಿಶ್ಯೂ ಯಾವುದೂ ಬೇಡ. ಬಾಯಿಂದ ಊದಬೇಡಿ. ಎಂಜಲಿನ ಸಣ್ಣ ಹನಿ ಸಾಕು, ಬೂಷ್ಟಿಗೆ ಊಟ ಸಿಕ್ಕಿದಂತೆ.

ಒರೆಸಿದ ಮೇಲೆ ಹತ್ತು ನಿಮಿಷ ಹೊರಗೇ ಬಿಡಿ, ನಂತರ ಮುಚ್ಚಳ ಹಾಕಿ.

## ಹಂತ 3: ಸಡಿಲ ಭಾಗಗಳನ್ನು ಬೇರೆ ಮಾಡಿ

ಬಗ್ಗಿಸಿದರೆ ಜಾರಿ ಬೀಳುವುದೆಲ್ಲ ಹೊರಗೆ ಬರಬೇಕು. ಐಪೀಸ್‌ಗಳು ಕೊಳವೆಯಲ್ಲಿ ಸುಮ್ಮನೆ ಕೂತಿರುತ್ತವೆ. ಕಂಡೆನ್ಸರ್ (ಸ್ಟೇಜಿನ ಅಡಿಯಲ್ಲಿ ಬೆಳಕು ಕೂಡಿಸುವ ಮಸೂರ) ಕೆಳಗಿನ ನೀಲಿ ಫಿಲ್ಟರ್ ಗಾಜು, ಕವಲುಕಡ್ಡಿಯಲ್ಲಿ ತೂಗುವ ಕನ್ನಡಿ ಕೂಡ ಹಾಗೆಯೇ. ಒಂದೊಂದನ್ನೂ ಬೇರೆ ಬೇರೆ ಸುತ್ತಿ. ಕನ್ನಡಿಯ ಎರಡು ಮುಖಗಳಲ್ಲಿ ಒಂದು ಸಮತಲ, ಇನ್ನೊಂದು ನಿಮ್ನ. ಎರಡಕ್ಕೂ ಬಟ್ಟೆ ಸುತ್ತಬೇಕು.

ಸೆಲ್ ಹಾಕುವ ಮಾದರಿಯಾದರೆ ಸೆಲ್ ತೆಗೆಯಿರಿ. ಬೇಸಿಗೆ ರಜೆಯಲ್ಲಿ ಒಳಗೇ ಉಳಿದ ಸೆಲ್ ಸೋರಿ ಸಂಪರ್ಕದ ಹಿತ್ತಾಳೆ ಪಟ್ಟಿಯನ್ನು ತಿಂದುಹಾಕುತ್ತದೆ.

ದೂರದ ಪ್ರಯಾಣಕ್ಕೆ 40ಎಕ್ಸ್ ಮತ್ತು 100ಎಕ್ಸ್ ಆಬ್ಜೆಕ್ಟಿವ್‌ಗಳನ್ನೂ ಬಿಚ್ಚಿ ಡಬ್ಬಿಗೆ ಹಾಕಿ. ಬಿಚ್ಚುವಾಗ ಕೆಳಗೆ ಅಂಗೈ ಹಿಡಿದಿರಿ. ಮತ್ತೆ ಹಾಕುವಾಗ ಮೊದಲು ಎಡಕ್ಕೆ ಅರ್ಧ ಸುತ್ತು ತಿರುಗಿಸಿ, ತಿರುಪಿನ ಎಳೆ ಕೂತ ಸಣ್ಣ 'ಟಕ್' ಸಿಕ್ಕ ಮೇಲೆ ಬಲಕ್ಕೆ ತಿರುಗಿಸಿ. ಆಬ್ಜೆಕ್ಟಿವ್ ಎಳೆ ಬಹಳ ಸಣ್ಣದು, ಇಂಚಿಗೆ 36. ಒಮ್ಮೆ ಅಡ್ಡ ಎಳೆ ಹಿಡಿದರೆ ನೋಸ್‌ಪೀಸೇ ಕೆಡುತ್ತದೆ. ತೆರವಾದ ಪ್ರತಿ ರಂಧ್ರಕ್ಕೂ ಮುಚ್ಚಳ ಹಾಕಿ. ಬಿಟ್ಟರೆ ಧೂಳು ನೇರವಾಗಿ ಪ್ರಿಸಂ ಮೇಲೆ ಹೋಗಿ ಕೂರುತ್ತದೆ.

ಹಲವು ಮೈಕ್ರೋಸ್ಕೋಪ್ ಇದ್ದಲ್ಲಿ ಪ್ರತಿಯೊಂದರ ಭಾಗಗಳಿಗೂ ಅದರದೇ ಸಂಖ್ಯೆ ಬರೆದ ಚೀಟಿ ಹಾಕಿ. ಬೇರೆ ಬೇರೆ ಉಪಕರಣಗಳ ಆಬ್ಜೆಕ್ಟಿವ್ ಬೆರೆತರೆ, ಒಂದರಿಂದ ಇನ್ನೊಂದಕ್ಕೆ ತಿರುಗಿಸಿದಾಗ ಫೋಕಸ್ ಉಳಿಯುವ ಗುಣ ಹೋಗುತ್ತದೆ.

## ಹಂತ 4: ಇಡುವ ಪೆಟ್ಟಿಗೆಯನ್ನು ಒಣಗಿಸಿ

ಓದುಗರು ಹೆಚ್ಚು ಸೋಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ.

ಹರಿಯಾಣದ ಅಂಬಾಲಾದಿಂದ ಬರುವ ವಿದ್ಯಾರ್ಥಿ ಮೈಕ್ರೋಸ್ಕೋಪ್‌ಗಳ ಜೊತೆ ಸಾಮಾನ್ಯವಾಗಿ ಮರದ ಪೆಟ್ಟಿಗೆ ಇರುತ್ತದೆ. ಅದರೊಳಗೆ ಸಿಲಿಕಾ ಜೆಲ್‌ನ ಒಂದು ಸಣ್ಣ ಪೊಟ್ಟಣ ಎಸೆದು, ಬಾಗಿಲು ಹಾಕಿ, ಎಲ್ಲ ಸರಿಹೋಯಿತು ಎಂದುಕೊಳ್ಳುತ್ತೇವೆ. ಲೆಕ್ಕ ನೋಡಿ. 30 ಲೀಟರ್ ಗಾಳಿಯಲ್ಲಿ, ಎಂಥ ಜಡಿಮಳೆಯಲ್ಲೂ, ಒಂದು ಗ್ರಾಂ ನೀರೂ ಇರುವುದಿಲ್ಲ. ಆದರೆ 3 ಕಿಲೊ ತೂಕದ ಮರ ಮಳೆಗಾಲದಲ್ಲಿ ತನ್ನ ತೂಕದ ಶೇ 18ರಷ್ಟು ತೇವ ಹಿಡಿದಿರುತ್ತದೆ. ಒಳಗೆ ಶೇ 50ರ ತೇವಾಂಶಕ್ಕೆ ಬರಬೇಕೆಂದರೆ ಮರದ ತೇವ ಶೇ 9ಕ್ಕೆ ಇಳಿಯಬೇಕು, ಅಂದರೆ ಸುಮಾರು 270 ಗ್ರಾಂ ನೀರು ಹೊರಬರಬೇಕು. ಸಿಲಿಕಾ ಜೆಲ್ ಹೀರುವುದು ತನ್ನ ತೂಕದ ಐದನೇ ಒಂದು ಭಾಗದಷ್ಟು. 100 ಗ್ರಾಂ ಪೊಟ್ಟಣ 20 ಗ್ರಾಂ ಕುಡಿದು ಸುಮ್ಮನಾಗುತ್ತದೆ. ಮರದ ಸಂದುಗಳಿಂದ ಹೊರಗಿನ ತೇವವೂ ಒಳ ಬರುತ್ತಲೇ ಇರುತ್ತದೆ. ಹಾಗಾಗಿ ಆ ಪೊಟ್ಟಣ ಸಮಾಧಾನಕ್ಕೆ ಮಾತ್ರ.

ಗುರಿ ಶೇ 40ರಿಂದ 50 ತೇವಾಂಶ. ಶೇ 65 ದಾಟಿ ಕೆಲವು ವಾರ ಉಳಿದರೆ ಬೂಷ್ಟು ಮೊಳೆಯುತ್ತದೆ. ಅದು ಬಿಡುವ ಆಮ್ಲ ಮಸೂರದ ಲೇಪನವನ್ನು ಕೊರೆಯುತ್ತದೆ. ಆಮೇಲೆ ಬೂಷ್ಟು ಒರೆಸಿದರೂ ಎಳೆಗಳ ಗುರುತು ಉಳಿಯುತ್ತದೆ. ಶೇ 30ಕ್ಕಿಂತ ಕೆಳಗೂ ಹೋಗಬಾರದು.

ಮೂರು ದಾರಿಗಳಿವೆ.

ಗಾಜು ಮಾತ್ರ ಡಬ್ಬಕ್ಕೆ. ಹಣ ಕಡಿಮೆ ಇರುವಲ್ಲಿ ಇದೇ ಉತ್ತಮ. ಮೈಕ್ರೋಸ್ಕೋಪಿನ ಕಬ್ಬಿಣದ ಭಾಗಕ್ಕೆ ಬೂಷ್ಟಿನ ಭಯವಿಲ್ಲ, ಗಾಜಿಗಿದೆ. ಆಬ್ಜೆಕ್ಟಿವ್, ಐಪೀಸ್‌ಗಳನ್ನು ಬಿಚ್ಚಿ, ರಬ್ಬರ್ ಅಂಚಿನ 5 ಲೀಟರ್ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಮತ್ತು ತೇವಮಾಪಕದ ಜೊತೆ ಇಡಿ. ಇಡೀ ಶಾಲೆಯ ಮಸೂರಗಳು ಎರಡು ಡಬ್ಬದಲ್ಲಿ ಹಿಡಿಸುತ್ತವೆ. ಬೈನಾಕ್ಯುಲರ್ (ಎರಡೂ ಕಣ್ಣಿನಿಂದ ನೋಡುವ ಮಾದರಿ) ಆದರೆ ಪ್ರಿಸಂ ಇರುವ ತಲೆಭಾಗವೂ ಒಂದೇ ಸ್ಕ್ರೂ ಸಡಿಲಿಸಿದರೆ ಕೈಗೆ ಬರುತ್ತದೆ. ಅದಕ್ಕೆ ಇನ್ನೊಂದು ಡಬ್ಬ. ಉಳಿದ ಸ್ಟ್ಯಾಂಡ್ ಮರದ ಪೆಟ್ಟಿಗೆಯಲ್ಲೇ ಇರಲಿ.

ಬೆಚ್ಚನೆಯ ಬೀರು. ಬೀರುವಿನ ತಳದಲ್ಲಿ 40 ವ್ಯಾಟಿನ ಹಳೆಯ ತಂತಿಬಲ್ಬು ಉರಿಸುವ ಪದ್ಧತಿ ಸುಳ್ಳಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ 85 ತೇವಾಂಶ ಇರುವ ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ 63ಕ್ಕೆ ಇಳಿಯುತ್ತದೆ. ಬಲ್ಬಿಗೆ ತಂತಿ ಜಾಲರಿ ಇರಲಿ, ಪೆಟ್ಟಿಗೆಗಳು ಅದರಿಂದ 30 ಸೆಂ.ಮೀ. ದೂರ ಇರಲಿ, ಬೀರುವಿನ ಮೇಲ್ಭಾಗದಲ್ಲಿ ಸಣ್ಣ ಗಾಳಿರಂಧ್ರ ಇರಲಿ. ಎಲ್‌ಇಡಿ ಬಲ್ಬು ಹಾಕಿದರೆ ಶಾಖವೇ ಸಾಲದು. ಈಚೆಗೆ ಬಲ್ಬು ಬದಲಾಯಿಸಿದ ಎಷ್ಟೋ ಕಡೆ ಬೂಷ್ಟು ಬಂದದ್ದು ಇದರಿಂದಲೇ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಈ ದಾರಿ ನಂಬಬೇಡಿ.

ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್. ಬೆಲೆ ಬಾಳುವ ಟ್ರೈನಾಕ್ಯುಲರ್ (ಕ್ಯಾಮೆರಾಕ್ಕೆ ಮೂರನೇ ಕೊಳವೆ ಇರುವ ಮಾದರಿ) ಇರುವವರಿಗೆ ಇದೇ ಸರಿ. ಶೇ 45ಕ್ಕೆ ಹೊಂದಿಸಿ, ಬಾಗಿಲು ಪದೇಪದೇ ತೆರೆಯಬೇಡಿ.

ಸಿಲಿಕಾ ಜೆಲ್ ಮತ್ತೆ ಬಳಸಲು ತಟ್ಟೆಯಲ್ಲಿ ತೆಳುವಾಗಿ ಹರಡಿ, ಲ್ಯಾಬಿನ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ 2ರಿಂದ 3 ಗಂಟೆ ಒಣಗಿಸಿ, ಬಿಗಿ ಡಬ್ಬಿಯಲ್ಲೇ ಆರಿಸಿ. ಗುಲಾಬಿಗೆ ತಿರುಗುವ ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇದೆ. ಅಡುಗೆಯ ಓವನ್, ಬಾಣಲೆ ಬಳಸಲೇಬೇಡಿ. ಹಸಿರಿಗೆ ತಿರುಗುವ ಕಿತ್ತಳೆ ಹರಳು ಕೊಳ್ಳುವುದು ಒಳ್ಳೆಯದು.

ನುಸಿಗುಳಿಗೆ, ಕರ್ಪೂರ ಹಾಕುವ ಅಭ್ಯಾಸ ಬಿಡಿ. ಇವು ಆವಿಯಾಗಿ, ತಣ್ಣನೆಯ ಗಾಜಿನ ಮೇಲೆ ಮತ್ತೆ ಹರಳಾಗಿ ಕೂರುತ್ತವೆ. ಬೂಷ್ಟು ತಪ್ಪಿಸಲು ಹೋಗಿ ಮಸೂರವನ್ನೇ ಮಬ್ಬು ಮಾಡಿದಂತಾಗುತ್ತದೆ.

ಜಾಗದ ಬಗ್ಗೆ ಎರಡು ಮಾತು. ನೆಲದಿಂದ 30 ಸೆಂ.ಮೀ. ಎತ್ತರ, ಗೋಡೆಯಿಂದ ಒಂದು ಗೇಣು ದೂರ, ಮಳೆ ಬಡಿಯುವ ಹೊರಗೋಡೆಯ ಕಡೆಗಂತೂ ಬೇಡ. ರಸಾಯನಶಾಸ್ತ್ರದ ಆಮ್ಲದ ಬಾಟಲಿಗಳಿರುವ ಬೀರುವಿನಲ್ಲಿ ಯಾವತ್ತೂ ಇಡಬೇಡಿ. ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಮುಚ್ಚಿದ ಬಾಟಲಿಯಿಂದಲೂ ಸೋರಿ ಫೋಕಸ್ ತಿರುಪಿನ ಹಿತ್ತಾಳೆ ಹಲ್ಲುಗಳನ್ನು ಹಸಿರು ಮಾಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಕಲಬುರಗಿ, ರಾಯಚೂರು ಕಡೆಯ ಬೇಸಿಗೆ ಧೂಳಿಗೆ ಒಳ್ಳೆಯದು; ಅದೇ ಹೊದಿಕೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡು, ಕರಾವಳಿಯಲ್ಲಿ ತೇವವನ್ನು ಒಳಗೇ ಹಿಡಿದಿಡುತ್ತದೆ. ಅಲ್ಲಿ ಒಗೆದು ಒಣಗಿಸಿದ ಹತ್ತಿ ಬಟ್ಟೆ ಹೊದಿಸಿ.

## ಹಂತ 5: ಸಾಗಿಸುವ ಪೆಟ್ಟಿಗೆ ಸಿದ್ಧ ಮಾಡಿ

ಮರದ ಪೆಟ್ಟಿಗೆಯೇ ಇದ್ದರೆ ಮೊದಲು ಅದರ ತಳ ನೋಡಿ. ಅಲ್ಲೊಂದು ರಂಧ್ರ ಇರುತ್ತದೆ. ಪೆಟ್ಟಿಗೆಯ ಕೆಳಗಿನಿಂದ ಬೋಲ್ಟ್ ತೂರಿಸಿ ಮೈಕ್ರೋಸ್ಕೋಪಿನ ಪೀಠವನ್ನು ಬಿಗಿಯಲು ಮಾಡಿದ ರಂಧ್ರ ಅದು. ಆ ಬೋಲ್ಟ್ ಮೊದಲ ವರ್ಷದಲ್ಲೇ ಕಳೆದುಹೋಗಿರುತ್ತದೆ, ಆಮೇಲೆ ಉಪಕರಣ ಒಳಗೆ ಜಾರಾಡುತ್ತದೆ.

ಹೊಸ ಬೋಲ್ಟ್ ಹುಡುಕುವಾಗ ಬೆರಳಿನಲ್ಲೇ ತಿರುಗಿಸಿ ನೋಡಿ. ಮೂರು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ಬೇರೆ ಅಳತೆ, ಸ್ಪ್ಯಾನರ್ ಹಾಕಿ ಒತ್ತಾಯಿಸಬೇಡಿ. ಉದ್ದ ಎಷ್ಟಿರಬೇಕೆಂದರೆ ಹಲಗೆಯ ದಪ್ಪ, ವಾಷರ್‌ನ ದಪ್ಪ, ಮೇಲೆ 8 ಮಿ.ಮೀ. ಅದಕ್ಕಿಂತ ಉದ್ದವಾದರೆ ಎಲ್‌ಇಡಿ ಮಾದರಿಗಳಲ್ಲಿ ತುದಿ ಒಳಗಿನ ಸರ್ಕ್ಯೂಟಿಗೆ ತಾಗುತ್ತದೆ. ಪೆಟ್ಟಿಗೆಯ ಹಿಡಿಕೆಯೊಂದನ್ನೇ ನಂಬಬೇಡಿ. ಎರಡು ಸಣ್ಣ ಸ್ಕ್ರೂಗಳ ಮೇಲೆ ನಿಂತದ್ದು ಅದು. ಇನ್ನೊಂದು ಕೈ ತಳಕ್ಕೆ ಇರಲಿ.

ಫೋಮ್ ಪೆಟ್ಟಿಗೆ ಮಾಡುವುದಾದರೆ:

1. ಮೈಕ್ರೋಸ್ಕೋಪನ್ನು ತೂಗಿ. ವಿದ್ಯಾರ್ಥಿ ಮಾದರಿ 3ರಿಂದ 4 ಕಿಲೊ, ಬೈನಾಕ್ಯುಲರ್ 6ರಿಂದ 8 ಕಿಲೊ ಬರಬಹುದು. ಹೊರಪೆಟ್ಟಿಗೆಯ ಒಳ ಅಳತೆ ಉಪಕರಣಕ್ಕಿಂತ ಎಲ್ಲ ಬದಿಗೂ 5 ಸೆಂ.ಮೀ. ಹೆಚ್ಚಿರಬೇಕು, ಭಾರದ್ದಾದರೆ ತಳಕ್ಕೆ 7.5 ಸೆಂ.ಮೀ.

2. ನಿಂತ ಭಂಗಿಯೇ ಒಳ್ಳೆಯದು. ಮಲಗಿಸಲೇಬೇಕಾದರೆ ತೋಳಿನ (ಪೀಠದಿಂದ ಮೇಲೇಳುವ ಕಂಬದಂಥ ಭಾಗ) ಬೆನ್ನು ಕೆಳಗಿರಲಿ.

3. ದಿನಪತ್ರಿಕೆಯ ಮೇಲೆ ಆಕಾರ ಗುರುತು ಮಾಡಿಕೊಂಡು, 25 ಮಿ.ಮೀ. ಹಾಳೆಗಳನ್ನು ಒಂದೊಂದಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ. ಅಂಟಿನ ಆವಿ ಹೋಗಲು ಎರಡು ದಿನ ತೆರೆದಿಡಿ.

4. ಭಾರ ಹೊರಬೇಕಾದದ್ದು ಎರಡೇ ಭಾಗ: ಪೀಠ ಮತ್ತು ತೋಳು. ಅಲ್ಲಿ ಕುಳಿಯನ್ನು 5 ಮಿ.ಮೀ. ಬಿಗಿಯಾಗಿ ಕತ್ತರಿಸಿ. ಸ್ಟೇಜ್, ನೋಸ್‌ಪೀಸ್, ಕಂಡೆನ್ಸರ್, ಫೋಕಸ್ ತಿರುಪುಗಳ ಸುತ್ತ 1 ಸೆಂ.ಮೀ. ಖಾಲಿ ಬಿಡಿ.

ನಾಲ್ಕನೆಯದು ಜೀವಾಳ. ಎಲ್ಲ ಕಡೆ ಫೋಮ್ ಒತ್ತಿದರೆ ಭದ್ರ ಎಂದು ಅನಿಸುವುದು ಸಹಜ. ಆದರೆ ಬಸ್ಸು ಹಂಪು ಹಾರಿದಾಗ ಇಡೀ ಉಪಕರಣದ ತೂಕ ಫೈನ್ ತಿರುಪಿನ (ಫೋಕಸ್‌ನ ಸಣ್ಣ ತಿರುಪು) ಮೇಲೆ ಬಿದ್ದರೆ, ಒಳಗಿನ ಪುಟ್ಟ ಹಲ್ಲುಗಳು ಅದನ್ನು ತಾಳಲಾರವು.

ಸೋಫಾಕ್ಕೆ ಹಾಕುವ ಮೆತ್ತನೆ ಸ್ಪಂಜು ಬೇಡ. ಅದು ಭಾರಕ್ಕೆ ಪೂರ್ತಿ ಅಮುಕಿಹೋಗುತ್ತದೆ, ನೀರು ಹೀರುತ್ತದೆ, ಕೆಲವು ವರ್ಷಕ್ಕೆ ಅಂಟುಅಂಟಾಗಿ ಉದುರುತ್ತದೆ. ಉಪಕರಣ ಇಟ್ಟಾಗ ತಳದ ಫೋಮ್ ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿದರೆ ಅದು ಮೆತ್ತಗಾಯಿತು ಎಂದರ್ಥ. ಒಂದಿಷ್ಟೂ ತಗ್ಗದಿದ್ದರೆ ತೀರಾ ಗಟ್ಟಿ, ಪೆಟ್ಟು ನೇರ ಒಳಗೆ ಹೋಗುತ್ತದೆ. ಥರ್ಮಾಕೋಲಿನ ಬಿಡಿ ಗುಂಡುಗಳು ಮಸೂರಕ್ಕೂ ಸಂದುಗಳಿಗೂ ಅಂಟಿಕೊಳ್ಳುತ್ತವೆ, ಬಳಸಬೇಡಿ.

5. ವೈರ್, ಅಡಾಪ್ಟರ್, ಎಣ್ಣೆ ಬಾಟಲಿಗೆ ಬೇರೆ ಕುಳಿ ಅಥವಾ ಬೇರೆ ಚೀಲ. ವೈರನ್ನು ತೋಳಿಗೆ ಸುತ್ತಬೇಡಿ. ಪ್ಲಗ್ಗಿನ ಪಿನ್ನುಗಳೇ ಸ್ಟೇಜಿಗೆ ಬಡಿಯುತ್ತವೆ.

6. ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ನಿಧಾನವಾಗಿ ನಾಲ್ಕೂ ಕಡೆಗೆ ವಾಲಿಸಿ, ಕಿವಿಗೊಡಿ. ಯಾವ ಸದ್ದು ಬಂದರೂ ತೆರೆದು ಕಾರಣ ಹುಡುಕಿ.

## ಹಂತ 6: ದಾರಿಯಲ್ಲಿ

ಕೈಯಲ್ಲಿ ಎತ್ತುವಾಗ ಒಂದು ಕೈ ತೋಳಿಗೆ, ಇನ್ನೊಂದು ಪೀಠದ ಕೆಳಗೆ. ಸ್ಟೇಜ್ ಅಥವಾ ಐಪೀಸ್ ಕೊಳವೆ ಹಿಡಿದು ಎತ್ತಬಾರದು.

ಕಾರಿನಲ್ಲಿ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ನಿಲ್ಲಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ಗ್ರೀಸ್ ಕರಗಿ ಹರಿಯುತ್ತದೆ, ಹಳೆಯ ಮಸೂರಗಳ ಅಂಟು ಮೆತ್ತಗಾಗುತ್ತದೆ. ಬಸ್ಸಿನ ಡಿಕ್ಕಿ ಬೇಡವೇ ಬೇಡ. ಹಿಂದಿನ ಚಕ್ರದ ಮೇಲಿನ ಸೀಟಿಗಿಂತ ನಡುವಿನ ಸೀಟಿನಲ್ಲಿ ಕುಲುಕು ಕಡಿಮೆ. ರೈಲಿನಲ್ಲಿ ಕೆಳಬರ್ತಿನ ಅಡಿ, ನಿಲ್ಲಿಸಿಯೇ. ಬೈಕಿನ ಕ್ಯಾರಿಯರಿಗೆ ಕಟ್ಟಬೇಡಿ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೊ ಮಿತಿ. ಇಡೀ ಉಪಕರಣ ಹಿಡಿಸದಿದ್ದರೆ ಆಬ್ಜೆಕ್ಟಿವ್, ಐಪೀಸ್, ತಲೆಭಾಗವನ್ನಾದರೂ ಕೈಯಲ್ಲೇ ಒಯ್ಯಿರಿ.

ಕೊರಿಯರ್ ಆದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಫೋಮ್ ಪೆಟ್ಟಿಗೆಯನ್ನು ಏಳು ಪದರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನಡುವೆ ಎಲ್ಲ ಕಡೆ 5 ಸೆಂ.ಮೀ. ಫೋಮ್ ಕೊಡಿ. 'ಜೋಪಾನ' ಎಂಬ ಚೀಟಿ ಅಂಟಿಸಿ, ಆದರೆ ಸೊಂಟದೆತ್ತರದಿಂದ ಬೀಳುತ್ತದೆ ಎಂದೇ ಭಾವಿಸಿ ಪ್ಯಾಕ್ ಮಾಡಿ.

ರಬ್ಬರ್ ಅಂಚಿನ ಗಾಳಿಬಿಗಿ ಪೆಟ್ಟಿಗೆ ಬಳಸುವವರು ಘಟ್ಟ ಹತ್ತಿ ಇಳಿಯುವಾಗ ಒಂದನ್ನು ಗಮನಿಸಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮುಚ್ಚಿದ ಪೆಟ್ಟಿಗೆ ಮಂಗಳೂರಿಗೆ ಬಂದಾಗ ಹೊರಗಿನ ಗಾಳಿಯ ಒತ್ತಡ ಹೆಚ್ಚಿರುತ್ತದೆ, ಮುಚ್ಚಳ ಏಳುವುದೇ ಇಲ್ಲ. ಚಾಕು ಹಾಕಿ ಮೀಟಬೇಡಿ. ಒತ್ತಡ ಬಿಡುವ ಸಣ್ಣ ತಿರುಪು ಸಾಮಾನ್ಯವಾಗಿ ಪೆಟ್ಟಿಗೆಯ ಮುಂಭಾಗದಲ್ಲಿ ಇರುತ್ತದೆ, ಅದನ್ನು ಸಡಿಲಿಸಿ.

## ಹಂತ 7: ತಲುಪಿದ ಮೇಲೆ

ಎಸಿ ಕೋಣೆಯಿಂದ ಅಥವಾ ಎಸಿ ಕಾರಿನಿಂದ ಸೆಕೆಯ ಜಾಗಕ್ಕೆ ತಂದಿದ್ದರೆ ತಕ್ಷಣ ತೆರೆಯಬೇಡಿ. ತಣ್ಣನೆಯ ಗಾಜಿನ ಮೇಲೆ, ಒಳಗಿನ ಪ್ರಿಸಂ ಮೇಲೂ, ನೀರು ಹನಿಗಟ್ಟುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲೇ 2ರಿಂದ 3 ಗಂಟೆ ಬಿಡಿ.

ಆಮೇಲೆ ದಿನಪತ್ರಿಕೆಯ ಒಂದು ಅಕ್ಷರ ಕತ್ತರಿಸಿ ಮಾಡಿದ ಸ್ಲೈಡ್ ಇಟ್ಟು 4ಎಕ್ಸ್, 10ಎಕ್ಸ್‌ನಲ್ಲಿ ನೋಡಿ. ಹೊರಡುವ ಮುನ್ನ ಇದೇ ಸ್ಲೈಡ್ ನೋಡಿದ್ದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಬಂದ ಪೆಟ್ಟಿಗೆಯನ್ನು ಫೋಮ್ ಸಮೇತ ಬೀರುವಿಗೆ ಸೇರಿಸಬೇಡಿ. ಮೈಕ್ರೋಸ್ಕೋಪ್ ಹೊರತೆಗೆದು ಹಂತ 4ರ ಜಾಗಕ್ಕೆ ಹೋಗಲಿ. ಖಾಲಿ ಫೋಮ್ ಪೆಟ್ಟಿಗೆ ಬಾಯಿ ತೆರೆದು ಗಾಳಿಯಾಡುವಲ್ಲಿ ಒಣಗಲಿ.

## ಎಚ್ಚರಿಕೆಯ ಗುರುತುಗಳು

ಪೆಟ್ಟಿಗೆ ತೆರೆದ ಕೂಡಲೇ ಮುಗ್ಗಲು ವಾಸನೆ. ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಆ ದಿನವೇ ಎಲ್ಲ ಹೊರತೆಗೆದು, ಪೆಟ್ಟಿಗೆಯನ್ನು ಎರಡು ಮೂರು ದಿನ ಬಿಸಿಲಿಗಿಡಿ, ಮೈಕ್ರೋಸ್ಕೋಪನ್ನು ಬಿಸಿಲಿಗಿಡಬೇಡಿ.

ಜೇಡರ ಬಲೆ, ನವಿಲುಗರಿಯಂಥ ಎಳೆ. ಆಬ್ಜೆಕ್ಟಿವ್ ಬಿಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು ಹಿಂದಿನ ಬಾಯಿಂದ ನೋಡಿ. ಹೊರಮೈ ಮೇಲಿದ್ದರೆ ಲೆನ್ಸ್ ಪೇಪರ್ ಸಾಕು. ಒಳಗಿದ್ದರೆ ಬಿಚ್ಚಲು ಹೋಗದೆ ರಿಪೇರಿಯವರಿಗೆ ಕೊಡಿ, ಅಲ್ಲಿಯತನಕ ಉಳಿದ ಮಸೂರಗಳಿಂದ ಬೇರೆ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಈ ಟಾರ್ಚ್ ಪರೀಕ್ಷೆ ಮಾಡಿ.

ಎರಡು ಕಣ್ಣಿಗೆ ಎರಡು ಚಿತ್ರ. ಒಂದು ಗುರುತನ್ನು ನಡುವಿಗೆ ತಂದು ಎಡಗಣ್ಣು, ಬಲಗಣ್ಣು ಸರದಿಯಲ್ಲಿ ಮುಚ್ಚಿ ನೋಡಿ. ಗುರುತು ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಪ್ರಿಸಂ ಜರುಗಿದೆ. ಬಳಕೆ ನಿಲ್ಲಿಸಿ, ಮುಂದುವರಿಸಿದರೆ ತಲೆನೋವು ಖಂಡಿತ, ಮತ್ತು ಮನೆಯಲ್ಲಿ ಸರಿಪಡಿಸುವ ಕೆಲಸ ಇದಲ್ಲ.

ಸ್ಟೇಜ್ ತಾನಾಗಿ ಇಳಿಯುವುದು. ಬಿಗಿ ಉಂಗುರ ಸಡಿಲವಾಗಿದೆ, ಸ್ವಲ್ಪ ಬಿಗಿ ಮಾಡಿ. ಆದರೆ ಫೈನ್ ತಿರುಪು ತಿರುಗಿಸಿದಾಗ ಕರಕರ ಸದ್ದು ಬಂದರೆ ಅಥವಾ ತಿರುಗಿಸಿದರೂ ಫೋಕಸ್ ಬದಲಾಗದಿದ್ದರೆ ಹಲ್ಲು ಮುರಿದಿರಬಹುದು. ಬಲ ಹಾಕಬೇಡಿ.

100ಎಕ್ಸ್ ತುದಿ ಒಳಗೇ ಸಿಕ್ಕಿಕೊಂಡಿರುವುದು. ಲೆನ್ಸ್ ಪೇಪರ್ ಸುತ್ತಿದ ಬೆರಳಿನಿಂದ, ಗಾಜು ಮುಟ್ಟದಂತೆ ಅಂಚಿನ ಲೋಹವನ್ನು ಮೆಲ್ಲಗೆ ಒತ್ತಿ ಬಿಡಿ. ಸ್ಪ್ರಿಂಗ್ ತುದಿಯನ್ನು ಹೊರಕ್ಕೆ ತಳ್ಳಬೇಕು. ಬಾರದಿದ್ದರೆ ಒಣಗಿದ ಎಣ್ಣೆ ಒಳಗೆ ಇಳಿದಿದೆ. ಹಾಗೆಯೇ ಬಳಸಿದರೆ ಸ್ಪ್ರಿಂಗಿನ ರಕ್ಷಣೆ ಇರುವುದಿಲ್ಲ, ಮುಂದಿನ ಸಲ ಸ್ಲೈಡ್ ತಾಗಿದಾಗ ಒಡೆಯುವುದು ಸ್ಲೈಡ್ ಒಂದೇ ಅಲ್ಲ.